ತಿರುಗಿ ಹಾಕದ ಅಕ್ಕಿ

ಶುಕ್ರವಾರದ ಸಂಜೆ ಹುಸೇನಮ್ಮ ಪಡಸಾಲೆಯಲ್ಲಿ ಕೂತು ಪುಂಡಿ ಸೊಪ್ಪು ಸೋಸುತ್ತಿದ್ದಳು. ಎಲೆ ಒಂದು ಕಡೆ, ದಂಟು ಒಂದು ಕಡೆ. ಬೆರಳುಗಳು ತಮ್ಮ ಪಾಡಿಗೆ ಕೆಲಸ ಮಾಡುತ್ತಿದ್ದವು, ಮನಸ್ಸು ಮಾತ್ರ ಸೋಮವಾರದ ಮೇಲೆ ಕೂತಿತ್ತು. ಸೋಮವಾರ ಹೊಸಪೇಟೆಗೆ ಹೋಗಬೇಕು. ಬೆಂಗಳೂರಿನಿಂದ ಬರುವ ಲೋಕಾಯುಕ್ತದ ಅಧಿಕಾರಿಯ ಎದುರು ಕೂತು ಸಾಕ್ಷಿ ಹೇಳಬೇಕು. ಶಾಲೆಯ ಬಿಸಿಯೂಟದ ಅಡುಗೆಯವಳಾದ ಆಕೆ ಇಲ್ಲಿಯತನಕ ಅಧಿಕಾರಿಗಳ ಮುಂದೆ ನಿಂತದ್ದುಂಟೇ ಹೊರತು ಕೂತದ್ದಿಲ್ಲ. ಸಾಕ್ಷಿಗೆ ಕುರ್ಚಿ ಹಾಕುತ್ತಾರೆ ಎಂದು ಯಾರೋ ಹೇಳಿದ್ದರು. ಆ ಕುರ್ಚಿಯನ್ನು ನೆನೆದರೇ ಅಂಗಾಲು ತಣ್ಣಗಾಗುತ್ತಿತ್ತು.

ಎಮ್ಮಿಗನೂರು ದಾಟಿ ಭತ್ತದ ಗದ್ದೆಗಳ ನಡುವೆ ಸಿಗುವ ನಾಗೇನಕಟ್ಟೆಯ ಓಣಿಗೆ ಆಟೊ ಬರುವುದು ಅಪರೂಪ. ಅಂದು ಬಂದ ಆಟೊ ಆಕೆಯ ಮನೆ ಮುಂದೆಯೇ ನಿಂತಿತು. ಇಳಿದ ಹೆಂಗಸಿಗೆ ಹೆಚ್ಚುಕಡಿಮೆ ಹುಸೇನಮ್ಮನದೇ ವಯಸ್ಸು. ಹಸಿರು ಸೀರೆ, ಕೈಯಲ್ಲಿ ಬಟ್ಟೆಯ ಚೀಲ.

ಅತ್ತೆ ತಾಯಕ್ಕ ಚಾಪೆ ಹಾಸಿದಳು. "ಬಾರವ್ವ, ಕುಂದ್ರು. ಯಾವೂರು?"

"ಕಂಪ್ಲಿರೀ. ಹುಲಿಗೆಮ್ಮಗ ಬೇಡ್ಕೊಂಡಿದ್ದೆ, ಐದು ಮಂದಿ ಮುತ್ತೈದೇರಿಗೆ ಉಡಿ ತುಂಬ್ತೀನಿ ಅಂತ. ನಾಲ್ಕು ಆಗ್ಯಾವು. ಐದನೇದು ನಿಮ್ಮ ಸೊಸಿಗೆ ಅಂತ ಮನಸಿನ್ಯಾಗ ಬಂತು."

ಬಾಗಿಲಿಗೆ ಬಂದ ಉಡಿಯನ್ನು ಒಲ್ಲೆನ್ನುವ ಹೆಂಗಸು ಆ ಸೀಮೆಯಲ್ಲಿಲ್ಲ. ಹುಸೇನಮ್ಮ ಕೈ ತೊಳೆದು ಬಂದು, ಪೂರ್ವಕ್ಕೆ ಮುಖ ಮಾಡಿ ಕೂತು, ಸೆರಗು ಹರವಿದಳು. ಆ ಹೆಂಗಸು ಕುಂಕುಮ ಹಚ್ಚಿದಳು. ತಟ್ಟೆಯಲ್ಲಿದ್ದ ಅಕ್ಕಿಯನ್ನು ಬೊಗಸೆಯಲ್ಲಿ ತೆಗೆದು ಉಡಿಗೆ ಹಾಕಿದಳು. ಕೊಬ್ಬರಿ ಬಟ್ಟಲು, ಅರಿಶಿನದ ಕೊಂಬು, ಎಲೆ ಅಡಿಕೆ, ಬಾಳೆಹಣ್ಣು, ಮೇಲೊಂದು ಕುಬುಸದ ಕಣ. ಉಡಿ ಭಾರವಾಯಿತು. ಹೊಟ್ಟೆಯ ಮೇಲೆ ಕೂಸು ಮಲಗಿದ ಹಾಗೆ ಬೆಚ್ಚಗಾಯಿತು.

"ಹೆಸರು ಹೇಳಲಿಲ್ಲಲ್ಲವ್ವ," ಎಂದಳು ತಾಯಕ್ಕ.

"ಚಂದ್ರಕಲಾರೀ." ಆಕೆ ಚೀಲವನ್ನು ಮಡಚುತ್ತ, ತಲೆ ಎತ್ತದೆ ಹೇಳಿದಳು. "ಪಿಡಿಒ ಬಸವರಾಜ್ ಅವರ ಮನಿಯಾಕಿ."

ಹುಸೇನಮ್ಮನ ಕೈ ಸೆರಗಿನ ಮೇಲೆ ಹಾಗೆಯೇ ನಿಂತುಬಿಟ್ಟಿತು. ಸೋಮವಾರ ಆಕೆ ಸಾಕ್ಷಿ ಹೇಳಬೇಕಾದದ್ದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯಾದ ಅದೇ ಬಸವರಾಜನ ಮೇಲಿನ ವಿಚಾರಣೆಯಲ್ಲಿ.

"ನೀವು ಇವರನ್ನ ಕೆಟ್ಟವರು ಅಂತ ತಿಳಕೊಂಡಿರಬೌದು ಅಕ್ಕಾ," ಚಂದ್ರಕಲಾ ಮೆಲ್ಲಗೆ ಮಾತಾಡಿದಳು. "ಆ ವರ್ಷ ಎರಡು ಪಂಚಾಯ್ತಿ ಇವರ ತಲಿ ಮ್ಯಾಲಿದ್ವು. ಹಗಲು ಇಲ್ಲಿ, ಸಂಜಿ ಅಲ್ಲಿ. ಊಟಕ್ಕ ಕುಂತ್ರ ಫೋನು. ಯಾರ ಹತ್ರಾನೂ ಒಂದು ಚಾ ಕುಡುದು ಕೆಲಸ ಮಾಡಿಕೊಟ್ಟೋರಲ್ಲ. ಮರೆತ್ರು, ಅಷ್ಟಽ. ಮರೆತಿದ್ದಕ್ಕ ಕೆಲಸದಿಂದನಽ ತಗದ್ರ ನಾವು ಯಾ ಮಣ್ಣು ತಿನ್ನಬೇಕು? ಆ ಕೇಸು ಬಂದಾಗಿಂದ ಮನ್ಯಾಗ ಯಾರೂ ಜೋರಾಗಿ ನಕ್ಕಿಲ್ಲ."

ಹುಸೇನಮ್ಮ ಉಡಿಯಿಂದ ಜಾರುತ್ತಿದ್ದ ಬಾಳೆಹಣ್ಣನ್ನು ಒಳಗೆ ಸರಿಸಿದಳು.

"ನೀವೇ ಹೇಳ್ರಿ, ಎರಡು ವರ್ಷದ ಹಿಂದೆ ಯಾರಿಗೆ ಏನಂದ್ವಿ, ಎಲ್ಲಿ ಅಂದ್ವಿ ಅಂತ ಯಾರಿಗೆ ನೆನಪಿರ್ತತಿ?"

ಅಷ್ಟು ಹೇಳಿ ಚಂದ್ರಕಲಾ ಎದ್ದಳು. ಸುಳ್ಳು ಹೇಳು ಎಂದು ಒಂದು ಮಾತೂ ಆಡಲಿಲ್ಲ. ಆಟೊದ ಸದ್ದು ಓಣಿಯ ತಿರುವಿನಲ್ಲಿ ಕರಗಿತು.

ಆಮೇಲೆ ಹುಸೇನಮ್ಮನಿಗೆ ತಟ್ಟನೆ ಹೊಳೆಯಿತು. ಉಡಿ ತುಂಬಿಸಿಕೊಂಡವಳು ಒಂದು ಚಿಟಿಕೆ ಅಕ್ಕಿಯನ್ನು ಕೊಟ್ಟವರ ತಟ್ಟೆಗೆ ತಿರುಗಿ ಹಾಕಬೇಕು. ಕೊಟ್ಟ ಮನೆ ಬರಿದಾಗಬಾರದು ಎಂದು ಹಾಗೆ. ಸಣ್ಣ ಹುಡುಗಿಗೂ ಗೊತ್ತಿರುವ ಪದ್ಧತಿ. ಆ ಹೆಸರು ಕೇಳಿದ ಗಾಬರಿಯಲ್ಲಿ ಆಕೆ ಅದನ್ನು ಮರೆತಿದ್ದಳು. ಒಂದು ಕಾಳೂ ಬಿಡದೆ ಎಲ್ಲವನ್ನೂ ಇಟ್ಟುಕೊಂಡುಬಿಟ್ಟಿದ್ದಳು.

ತಾಯಕ್ಕ ಅದನ್ನು ಮೊದಲೇ ಗಮನಿಸಿದ್ದಳು. "ಪೂರಾ ಉಡಿ ತಗೊಂಡಿ. ಇನ್ನ ಆ ಮನಿ ಮ್ಯಾಲೆ ಬಾಯಿ ಬಿಚ್ಚಂಗಿಲ್ಲ, ನೋಡು," ಎಂದಳು. ಗದರಿದ್ದಲ್ಲ, ಮಳೆ ಬರುತ್ತದೆ ಎನ್ನುವ ಹಾಗೆ ಹೇಳಿದ್ದು.

*

ಎರಡು ವರ್ಷದ ಹಿಂದಿನ ಮಾತು ಹುಸೇನಮ್ಮನಿಗೆ ಚೆನ್ನಾಗಿ ನೆನಪಿತ್ತು. ಕುಡಿಯುವ ನೀರಿನ ಪೈಪು ಮೇಲಿನ ಓಣಿಯ ಚರಂಡಿಯೊಳಗಿಂದ ಹಾದು ಹೋಗುತ್ತಿತ್ತು. ಅದು ಒಡೆದು, ನಲ್ಲಿಯಲ್ಲಿ ನೀರು ವಾಸನೆ ಹೊಡೆಯತೊಡಗಿತು. ಉಳಿದವರು ನೀರು ಬಿಡುವವನಿಗೆ ಬೈದು ಸುಮ್ಮನಾದರು. ಪಿಡಿಒ ಎದುರು ನಿಂತು ಹೇಳಿದವಳು ಹುಸೇನಮ್ಮ ಒಬ್ಬಳೇ. ಒಂದು ಸಲ ಶಾಲೆಯಲ್ಲಿ, ಬಾವುಟ ಏರಿಸಿ ಲಾಡು ಹಂಚಿದ ದಿನ. "ನೋಡೋಣಮ್ಮ," ಎಂದಿದ್ದ ಬಸವರಾಜ. ಇನ್ನೊಂದು ಸಲ ಪಂಚಾಯಿತಿ ಕಚೇರಿಯ ಮುಂದೆ, ಆತ ಬೈಕು ಚಾಲೂ ಮಾಡುವಾಗ. "ಹೇಳೀನಿ, ಮಾಡ್ತಾರ," ಎಂದು ಹೊರಟುಹೋಗಿದ್ದ. ಆಕೆ ಶಾಲೆಯ ಮಟ್ಟಿಗೆ ನೀರನ್ನು ಕುದಿಸಿ ಬಳಸಿದಳು. ಊರಿನ ಮನೆಮನೆಯ ನೀರನ್ನು ಕುದಿಸುವುದು ಆಕೆಯ ಕೈಯಲ್ಲಿರಲಿಲ್ಲ.

ಗಣೇಶನನ್ನು ಬಿಟ್ಟ ಮೇಲೆ ವಾಂತಿಭೇದಿ ಎದ್ದಿತು. ಊರಿಗೆ ಊರೇ ಮಲಗಿತು. ಅದೇ ಓಣಿಯ ತಾಯಪ್ಪನ ಮಗಳು ಲಕ್ಷ್ಮೀ ಕಂಪ್ಲಿಯ ಆಸ್ಪತ್ರೆ ಸೇರುವ ಮೊದಲೇ ಕಣ್ಣು ಮುಚ್ಚಿದಳು. ಬಿಸಿಯೂಟ ಮುಗಿದ ಮೇಲೆ ಅಡುಗೆಮನೆಯ ಬಾಗಿಲಲ್ಲಿ ನಿಂತು, ಪಾತ್ರೆಯ ತಳಕ್ಕೆ ಹತ್ತಿದ ಕಂದು ಅನ್ನ ಬೇಕೆಂದು ಕೈ ಚಾಚುತ್ತಿದ್ದ ಹುಡುಗಿ. ಇವತ್ತಿಗೂ ಹುಸೇನಮ್ಮ ಪಾತ್ರೆ ಕೆರೆಯುವಾಗ ಒಮ್ಮೆ ಬಾಗಿಲ ಕಡೆ ನೋಡುತ್ತಾಳೆ.

ತಾಯಪ್ಪ ಲೋಕಾಯುಕ್ತಕ್ಕೆ ದೂರು ಕೊಟ್ಟ. ಅವರು ವಿಚಾರಿಸಿ ಸರ್ಕಾರಕ್ಕೆ ಬರೆದರು. ಸರ್ಕಾರ ಇಲಾಖಾ ವಿಚಾರಣೆಯನ್ನು ಮತ್ತೆ ಅವರಿಗೇ ಒಪ್ಪಿಸಿತು. 'ಪೈಪು ಒಡೆದದ್ದನ್ನು ಯಾರೂ ನನ್ನ ಗಮನಕ್ಕೆ ತಂದಿರಲಿಲ್ಲ' ಎಂದು ಬಸವರಾಜ ಉತ್ತರ ಕೊಟ್ಟಿದ್ದ. ಈಗ ಎಲ್ಲವೂ ಹುಸೇನಮ್ಮನ ಒಂದು ಮಾತಿನ ಮೇಲೆ ನಿಂತಿತ್ತು. ಹೇಳಿದ್ದೆಯೋ, ಇಲ್ಲವೋ?

ಶನಿವಾರ ಶಾಲೆಯಲ್ಲಿ ಜೊತೆ ಅಡುಗೆಯವಳು ಅಂಜಿನಿ ಉಪ್ಪಿಟ್ಟಿಗೆ ಈರುಳ್ಳಿ ಹೆಚ್ಚುತ್ತ ಸಮಾಧಾನ ಹೇಳಿದಳು. "ಯಾಕ ಅಷ್ಟು ಅಂಜ್ತಿ ಯಕ್ಕಾ? ಲೋಕಾಯುಕ್ತ ಅಂದ್ರ ಅತ್ತಿ ಇದ್ದಂಗ. ತಪ್ಪು ಹುಡುಕ್ತತಿ, ಇಂಥಾ ಶಿಕ್ಷೆ ಕೊಡು ಅಂತ ಹೇಳ್ತತಿ. ಹೊಡಿಯಾ ಕೈ ಮಾತ್ರ ಗಂಡಂದು. ಸರ್ಕಾರ ಅನ್ನಾ ಗಂಡ ಹೊಡೀತಾನೋ, ಮಲಕ್ಕೊಂತಾನೋ, ಯಾರಿಗೊತ್ತು?"

ಹುಸೇನಮ್ಮನಿಗೆ ಅರೆಬರೆ ನಗು ಬಂತು. "ಅತ್ತಿ ಮಾತಿಗೇ ಸಂಸಾರ ಮುರದದ್ದು ನೋಡಿಲ್ಲೇನ ನೀನು?"

"ಅದೂ ಖರೆ," ಎಂದು ಅಂಜಿನಿ ಕಣ್ಣು ಒರೆಸಿಕೊಂಡಳು. ಈರುಳ್ಳಿ ಖಾರವಾಗಿತ್ತು.

ಸಂಡೂರಿನ ಗಣಿಯಲ್ಲಿ ಅದಿರಿನ ಲಾರಿ ಓಡಿಸುವ ಗಂಡ ಮಾರುತೇಶ್ ಭಾನುವಾರ ಬೆಳಿಗ್ಗೆ ಬಂದ. ಕೆಂಪು ಧೂಳನ್ನು ತಲೆಯಿಂದ ತೊಳೆದುಕೊಳ್ಳುತ್ತಲೇ ಸುದ್ದಿ ಕೇಳಿ, ಚೊಂಬನ್ನು ಹಾಗೇ ಹಿಡಿದು ಕೂತ.

"ಮುಂದ ಯಾವತ್ತಾದ್ರು ಆ ಪಿಡಿಒ ನಮ್ಮೂರ ಕುರ್ಚಿಗೇ ತಿರುಗಿ ಬಂದ್ರ? ನಿನ್ನ ಅಡಿಗಿ ಕೆಲಸ ಪಂಚಾಯ್ತಿಯೋರ ಒಂದು ಮಾತಿಗೆ ಹೊಕ್ಕತಿ. ಸುಮ್ನ ನೆನಪಿಲ್ಲ ಅಂದುಬಿಡು. ಅದೇನು ಸುಳ್ಳು ಆಗಂಗಿಲ್ಲ."

"ನೆನಪೈತಲ್ರೀ."

"ನೆನಪು ಇದ್ದದ್ದೆಲ್ಲ ಹೇಳಬೇಕಂತೇನಿಲ್ಲ. ನಮ್ಮ ಮದಿವ್ಯಾಗ ನಿಮ್ಮ ಸೋದರಮಾವ ಕುಡುದು ಬಿದ್ದಿದ್ದು ನನಗ ನೆನಪೈತಿ. ಯಾರಿಗಾದ್ರು ಹೇಳೀನೇನು?"

"ವರ್ಷಾ ವರ್ಷಾ ಹೇಳ್ತೀರಿ."

ಮಾರುತೇಶ್ ನಕ್ಕು, ಮತ್ತೆ ಗಂಭೀರನಾದ. ಆತನ ಭಯ ಸುಳ್ಳಲ್ಲ ಎಂದು ಆಕೆಗೂ ಗೊತ್ತಿತ್ತು.

ಮಧ್ಯಾಹ್ನ ತಾಯಪ್ಪ ಬಂದ. ಒಳಗೆ ಬರಲಿಲ್ಲ, ಹೊಸ್ತಿಲ ಆಚೆಯೇ ಕೂತ. ಉಡಿಯ ಸುದ್ದಿ ಊರೆಲ್ಲ ತಿರುಗಿ ಅವನಿಗೂ ಮುಟ್ಟಿತ್ತು.

"ನಾ ನಿನ್ನ ಏನೂ ಕೇಳಾಕ ಬಂದಿಲ್ಲಕ್ಕಾ," ಎಂದ. ಟವೆಲಿನ ಅಂಚನ್ನು ಸುತ್ತುತ್ತ, ಬಿಚ್ಚುತ್ತ ಕೂತಿದ್ದ. "ಅವನ ಮಕ್ಕಳು ಉಪವಾಸ ಬೀಳಲಿ ಅಂತ ನಾ ದೂರು ಕೊಟ್ಟಿಲ್ಲ. ನನ್ನ ಮಗಳು ಸುಮ್ನ ಸಾಯಲಿಲ್ಲ. ಹೇಳಿದ್ದು ಯಾರೋ ಕೇಳಲಿಲ್ಲ, ಅದಕ್ಕ ಸತ್ಲು. ಅಷ್ಟು ಮಾತು ಎಲ್ಲ್ಯಾದ್ರು ಒಂದು ಕಡೆ ಸರ್ಕಾರದೋರು ಖರೆ ಅಂದ್ರ ಸಾಕು. ಈಗ ಅವರ ಪ್ರಕಾರ ಯಾರೂ ಏನೂ ಹೇಳೇ ಇಲ್ಲ. ಹಂಗಾದ್ರ ಇದು ದೇವರು ಮಾಡಿದ್ದು. ನಾ ದೇವರ ಮ್ಯಾಲೆ ಎಲ್ಲಿ ದೂರು ಕೊಡ್ಲಿ?"

ಹುಸೇನಮ್ಮ ಮಜ್ಜಿಗೆ ತಂದು ಕೊಟ್ಟಳು. ಅವನು ಕುಡಿದು, ಲೋಟವನ್ನು ಮಗುಚಿಟ್ಟು, ಹೋದ. ಒಳಗೆ ಮೂಲೆಯಲ್ಲಿ ಉಡಿಯ ಅಕ್ಕಿ ಬುಟ್ಟಿಯಲ್ಲಿ ಬೆಳ್ಳಗೆ ಕೂತಿತ್ತು. ಅದನ್ನು ಬೇಯಿಸಲು ಆಕೆಗೆ ಕೈ ಬಂದಿರಲಿಲ್ಲ, ಚೆಲ್ಲಲೂ ಬಂದಿರಲಿಲ್ಲ.

*

ಹುಸೇನಮ್ಮನ ಅಜ್ಜಿ ಒಂದು ಗಿಳಿಯ ಕತೆ ಹೇಳುತ್ತಿದ್ದಳು. ಮೊಹರಮ್ಮಿನ ಅಲಾಯಿ ದೇವರಿಗೆ ಹರಕೆ ಹೊತ್ತು ಪಡೆದ ಮೊಮ್ಮಗಳೆಂದು ಹುಸೇನಮ್ಮ ಎಂದು ಹೆಸರಿಟ್ಟವಳೂ ಆ ಅಜ್ಜಿಯೇ. ಅರಮನೆಯ ಬಾವಿಗೆ ಯಾರೋ ವಿಷದ ಕಾಯಿ ಹಾಕಿದ್ದನ್ನು ಪಂಜರದ ಗಿಳಿ ನೋಡಿತ್ತಂತೆ. ಹಾಕಿದವನು ದಿನವೂ ಗಿಳಿಗೆ ದಾಳಿಂಬೆಯ ಕಾಳು ತಂದು ತಿನ್ನಿಸುತ್ತಿದ್ದನಂತೆ. ಗಿಳಿ ಒಂದು ಕಾಳು ನುಂಗಿದರೆ ಒಂದು ಮಾತು ಗಂಟಲಲ್ಲಿ ಕೂತುಬಿಡುತ್ತಿತ್ತು. ಕೊನೆಗೊಂದು ದಿನ ರಾಜ ಬಂದು, 'ಗಿಳಿಯೇ, ನೀನು ಏನು ಕಂಡೆ?' ಎಂದು ಕೇಳುತ್ತಾನೆ. ಅಷ್ಟು ಹೊತ್ತಿಗೆ ಹುಸೇನಮ್ಮನಿಗೆ ನಿದ್ದೆ ಬಂದಿರುತ್ತಿತ್ತು. ಮರುದಿನ ಅಜ್ಜಿ ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದಳು, ಮತ್ತೆ ಅಲ್ಲಿಗೇ ನಿದ್ದೆ. ಗಿಳಿ ಏನು ಹೇಳಿತು ಎಂದು ತಿಳಿಯುವ ಮೊದಲೇ ಅಜ್ಜಿ ಹೋಗಿಬಿಟ್ಟಳು.

ಸೋಮವಾರ ಬೆಳಿಗ್ಗೆ ಕಂಪ್ಲಿಯಿಂದ ಹೊಸಪೇಟೆ ಬಸ್ಸು ಹತ್ತಿದಾಗ ಅದೇ ಗಿಳಿ ಆಕೆಯ ಗಂಟಲಲ್ಲಿ ಕೂತಿತ್ತು. ಬುಕ್ಕಸಾಗರದ ಬಾಳೆ ತೋಟಗಳು ಹಿಂದೆ ಸರಿದವು. ಕಮಲಾಪುರ ಸಮೀಪಿಸಿದಂತೆ ಬಂಡೆಗಳು ಒಂದರ ಮೇಲೊಂದು ಕೂತು, ಯಾರೋ ಅರ್ಧಕ್ಕೆ ಬಿಟ್ಟುಹೋದ ಕತೆಗಳಂತೆ ಕಾಯುತ್ತಿದ್ದವು. ಹೊರಡುವ ಮುನ್ನ ಬುಟ್ಟಿಯಿಂದ ಒಂದು ಚಿಟಿಕೆ ಅಕ್ಕಿ ತೆಗೆದು ಸೆರಗಿನ ತುದಿಗೆ ಗಂಟು ಹಾಕಿಕೊಂಡಿದ್ದಳು. ಯಾಕೆಂದು ತಾಯಕ್ಕ ಕೇಳಿದಾಗ, "ಇರಲಿ ಅತ್ತಿ," ಎಂದಷ್ಟೇ ಅಂದಿದ್ದಳು. ಜೊತೆಗೆ ಮಾರುತೇಶ್ ಬಂದಿದ್ದ. ಕೆರೆಯ ಏರಿ ಬಂದಾಗ, "ನೀರು ಕುಡೀತಿಯೇನ?" ಎಂದು ಕೇಳಿದ.

ವಿಚಾರಣೆಗೆ ಗೊತ್ತುಮಾಡಿದ್ದ ಪ್ರವಾಸಿ ಮಂದಿರದ ಅಂಗಳದಲ್ಲಿ ಬೇವಿನ ಮರ, ಅದರ ಕೆಳಗೆ ಕಲ್ಲಿನ ಬೆಂಚು. ಬೆಂಚಿನ ಮೇಲೆ ಅದೇ ಹಸಿರು ಸೀರೆ. ಚಂದ್ರಕಲಾ ಆಕೆಯನ್ನು ನೋಡಿ ಎದ್ದು ನಿಂತಳು, ಮತ್ತೆ ಕೂತಳು. ಮಾರುತೇಶ್ ಹೊರಗೇ ಉಳಿದ. ಸಾಕ್ಷಿಯನ್ನು ಬಿಟ್ಟು ಬೇರೆಯವರಿಗೆ ಒಳಗೆ ಪ್ರವೇಶವಿರಲಿಲ್ಲ.

ಒಳಗೆ ನಿಜವಾಗಿಯೂ ಕುರ್ಚಿ ಇತ್ತು. ಮೇಜಿನ ಆಚೆ ವಿಚಾರಣಾಧಿಕಾರಿ, ನರೆತ ತಲೆಯ ಹೆಂಗಸು. ಒಂದು ಬದಿಗೆ ಲೋಕಾಯುಕ್ತದ ಪರವಾಗಿ ಪ್ರಶ್ನೆ ಕೇಳುವ ಅಧಿಕಾರಿ. ಇನ್ನೊಂದು ಬದಿಗೆ ಬಸವರಾಜ, ಅವನ ಪಕ್ಕದಲ್ಲಿ ಅವನ ಪರ ವಾದಿಸಲು ಬಂದಿದ್ದ ನಿವೃತ್ತ ನೌಕರ. ಬಸವರಾಜ ಸೊರಗಿದ್ದ. ಅಂಗಿಯ ಕಾಲರು ಕುತ್ತಿಗೆಗೆ ದೊಡ್ಡದಾಗಿ ಕಾಣುತ್ತಿತ್ತು.

"ನಿಮ್ಮನ್ನ ಯಾರಾದರೂ ಹೆದರಿಸಿದ್ದಾರೇನಮ್ಮ?" ವಿಚಾರಣಾಧಿಕಾರಿ ಮೊದಲು ಕೇಳಿದರು.

"ಇಲ್ಲರೀ." ಅದು ನಿಜವೇ. ಉಡಿ ತುಂಬುವುದನ್ನು ಹೆದರಿಸುವುದು ಎಂದು ಯಾರೂ ಅನ್ನುವುದಿಲ್ಲ.

ಪ್ರಶ್ನೆ ಕೇಳುವ ಅಧಿಕಾರಿ ಕನ್ನಡಕ ಸರಿಪಡಿಸಿಕೊಂಡ. "ಪೈಪು ಒಡೆದ ವಿಷಯವನ್ನು ನೀವು ಆಪಾದಿತ ನೌಕರರಿಗೆ ತಿಳಿಸಿದ್ದಿರಾ?"

ಹುಸೇನಮ್ಮ ಬಾಯಿ ತೆರೆದಳು. ಫ್ಯಾನು ತಿರುಗುತ್ತಿತ್ತು. ಟೈಪು ಮಾಡುವ ಹುಡುಗಿಯ ಬೆರಳು ಕೀಲಿಗಳ ಮೇಲೆ ಕಾಯುತ್ತಿತ್ತು. ಪೂರಾ ಉಡಿ ತಗೊಂಡಿ. ಕೆಲಸ ಹೊಕ್ಕತಿ. ನಾ ದೇವರ ಮ್ಯಾಲೆ ಎಲ್ಲಿ ದೂರು ಕೊಡ್ಲಿ. ಎಲ್ಲರ ಮಾತೂ ಒಟ್ಟಿಗೆ ಗಂಟಲಲ್ಲಿ ಕೂತಿತ್ತು. ಆಕೆಯ ಕೈ ತಾನಾಗಿ ಸೆರಗಿನ ಗಂಟನ್ನು ಹುಡುಕಿತು. ಬಟ್ಟೆಯೊಳಗೆ ಅಕ್ಕಿ ಬೆರಳಿಗೆ ಒರಟಾಗಿ ಹತ್ತಿತು. ಇನ್ನೂ ಕೈಯಲ್ಲೇ ಇದೆ, ಹೊಟ್ಟೆಗೆ ಇಳಿದಿಲ್ಲ.

"ನಿಧಾನಕ್ಕೆ ಹೇಳಿ ತಾಯಿ," ಎಂದರು ವಿಚಾರಣಾಧಿಕಾರಿ. "ಅವಸರ ಇಲ್ಲ."

"ಹೇಳಿದ್ದೆರೀ," ಎಂದಳು ಹುಸೇನಮ್ಮ. ದನಿ ಅವಳಿಗೇ ಪರಕೀಯವೆನಿಸಿತು. "ಒಂದ್ಸಲ ಸಾಲ್ಯಾಗ, ಬಾವುಟದ ದಿನ. ನೋಡೋಣಮ್ಮ ಅಂದ್ರು. ಇನ್ನೊಂದ್ಸಲ ಪಂಚಾಯ್ತಿ ಮುಂದ. ಹೇಳೀನಿ, ಮಾಡ್ತಾರ ಅಂದ್ರು. ನೀರು ನಾರ್ತತಿ, ಸಣ್ಣ ಮಕ್ಕಳು ಕುಡಿತಾವು ಅಂತಾನೂ ಹೇಳಿದ್ದೆ."

ಕೀಲಿಗಳ ಸದ್ದು ಶುರುವಾಯಿತು. ಬಸವರಾಜ ತಲೆ ತಗ್ಗಿಸಿದ.

"ಇನ್ನೊಂದು ಐತ್ರೀ. ಅದನ್ನೂ ಬರಕೋಬೇಕು."

"ಹೇಳಿ."

"ಬ್ಯಾನಿ ಎದ್ದ ಮ್ಯಾಲೆ ಇವರು ಮನಿಗೆ ಹೋಗಲಿಲ್ಲ. ಆಂಬುಲೆನ್ಸ್ ಬರೋ ತನಕ ತಮ್ಮ ಬೈಕಿನ ಮ್ಯಾಲೆ ಮಂದೀನ ಕಂಪ್ಲಿಗೆ ಒಯ್ದರು. ನಮ್ಮ ಅತ್ತೀನೂ ಒಯ್ದರು. ದಾರ್ಯಾಗ ಆಕಿ ಇವರ ಬೆನ್ನ ಮ್ಯಾಲೇ ವಾಂತಿ ಮಾಡ್ಕೊಂಡ್ಳು. ಏನೂ ಅನ್ನಲಿಲ್ಲ. ಅದೂ ಖರೆ, ಇದೂ ಖರೆ. ಎರಡೂ ಬರಕೊಳ್ರಿ."

ವಿಚಾರಣಾಧಿಕಾರಿ ಒಂದು ಕ್ಷಣ ಆಕೆಯನ್ನೇ ನೋಡಿದರು. ನಂತರ ಟೈಪು ಮಾಡುವ ಹುಡುಗಿಗೆ ತಲೆಯಾಡಿಸಿದರು.

ನಿವೃತ್ತ ನೌಕರ ಪಾಟಿ ಸವಾಲಿಗೆ ಎದ್ದ. "ದೂರುದಾರ ತಾಯಪ್ಪ ನಿಮ್ಮ ಓಣಿಯವನೇ ಅಲ್ಲವೇನಮ್ಮ? ಅವನು ಹೇಳಿಕೊಟ್ಟಂತೆ..."

ಬಸವರಾಜ ಆತನ ತೋಳು ಹಿಡಿದ. "ಸಾಕ್ರೀ ಸರ್."

"ಸುಮ್ನಿರಪ್ಪ, ನಾ ಕೇಳ್ತೀನಿ."

"ಬ್ಯಾಡ ಸರ್." ಬಸವರಾಜ ಎದ್ದು ನಿಂತ. ಕೈ ಮೇಜಿನ ಅಂಚನ್ನು ಹಿಡಿದಿತ್ತು. "ಪಾಟಿ ಸವಾಲು ಇಲ್ಲ ಮೇಡಂ. ಈಯಮ್ಮ ಹೇಳಿದ್ದು ಖರೆ. ನನಗ ಹೇಳಿದ್ರು. ನಾನು ಮರೆತೆ. ಆಮೇಲೆ ಯಾರೂ ಹೇಳೇ ಇಲ್ಲ ಅಂತ ಅಂದ್ಕೊಂಡು ಅಂದ್ಕೊಂಡು, ಅದನ್ನಽ ನಂಬಿಬಿಟ್ಟಿದ್ದೆ."

ನಿವೃತ್ತ ನೌಕರ ಕೂತುಬಿಟ್ಟ.

"ಇದರ ಪರಿಣಾಮ ಏನು ಅಂತ ನಿಮಗೆ ಗೊತ್ತಲ್ಲ?" ಎಂದರು ವಿಚಾರಣಾಧಿಕಾರಿ.

"ಗೊತ್ತೈತಿ ಮೇಡಂ."

ಹುಸೇನಮ್ಮ ಓದಿಸಿ ಕೇಳಿ, ಸಹಿ ಹಾಕಿ ಹೊರಬಂದಳು. ಮುಂದೇನಾಗುತ್ತದೆ ಎಂದು ಬಾಗಿಲಲ್ಲಿದ್ದ ಪೇದೆಯನ್ನು ಕೇಳಿದಳು. ವರದಿ ಲೋಕಾಯುಕ್ತಕ್ಕೆ ಹೋಗುತ್ತದೆ, ಅಲ್ಲಿಂದ ಇಂಥ ದಂಡನೆ ಎಂದು ಸರ್ಕಾರಕ್ಕೆ ಶಿಫಾರಸು ಹೋಗುತ್ತದೆ, ಬಡ್ತಿ ತಡೆಯಬಹುದು, ಕೆಲಸದಿಂದಲೇ ತೆಗೆಯಬಹುದು, ತಿಂಗಳುಗಟ್ಟಲೆ ಹಿಡಿಯುತ್ತದೆ ಎಂದು ಅವನು ಹೇಳಿದ. ಇಷ್ಟೊಂದು ಜನ ಸೇರಿ ತೂಗುವ ತಕ್ಕಡಿಯಲ್ಲಿ ತಾನು ಇಟ್ಟದ್ದು ಏನು, ಎಷ್ಟು ಭಾರ ಎಂದು ಆಕೆಗೆ ಗೊತ್ತಾಗಲಿಲ್ಲ.

ಬೇವಿನ ಮರದ ಕೆಳಗೆ ಚಂದ್ರಕಲಾ ಹಾಗೆಯೇ ಕೂತಿದ್ದಳು. ಹುಸೇನಮ್ಮ ಬಂದು ಪಕ್ಕದಲ್ಲಿ ಕೂತಳು.

"ಹೇಳಿದಿರಾ?"

"ಹೇಳಿದೆ."

ಚಂದ್ರಕಲಾಳ ತುಟಿ ಬಿಗಿಯಿತು. "ಉಡಿ ತುಂಬಿಸ್ಕೊಂಡೂ ಹೇಳಿದಿರಿ."

"ಹೌದವ್ವ. ಅವರು ಮಂದೀನ ದವಾಖಾನಿಗೆ ಹೊತ್ತು ಓಡ್ಯಾಡಿದ್ದೂ ಹೇಳಿದೆ." ಹುಸೇನಮ್ಮ ಸೆರಗಿನ ಗಂಟನ್ನು ಮಡಿಲಿಗೆ ಎಳೆದುಕೊಂಡಳು. "ನಿನ್ನ ಮನಿಯೋರೂ ಹೌದು ಅಂದ್ರು. ತಾವಾಗೇ ಎದ್ದು ನಿಂತು ಅಂದ್ರು."

ಚಂದ್ರಕಲಾ ಸರಕ್ಕನೆ ತಿರುಗಿದಳು. ಕಣ್ಣುಗಳು ತುಂಬಿ ಬಂದವು, ಆದರೆ ಎಷ್ಟೋ ದಿನದಿಂದ ಬಿಗಿಹಿಡಿದಿದ್ದ ಭುಜಗಳು ನಿಧಾನಕ್ಕೆ ಇಳಿದವು.

"ಹರಕಿ ಖರೇನ ಇತ್ತು ಅಕ್ಕಾ," ಎಂದಳು. "ಐದನೇದು ಮಾತ್ರ... ನಾನಽ ನಿಮ್ಮ ಮನಿ ಹುಡುಕ್ಕೊಂಡು ಬಂದಿದ್ದೆ."

"ಗೊತ್ತೈತಿ. ಸೆರಗು ಒಡ್ಡು."

ಅರ್ಥವಾಗದೆ ಚಂದ್ರಕಲಾ ಸೆರಗು ಹರವಿದಳು. ಹುಸೇನಮ್ಮ ಗಂಟು ಬಿಚ್ಚಿ ಆ ಚಿಟಿಕೆ ಅಕ್ಕಿಯನ್ನು ಅದರಲ್ಲಿ ಹಾಕಿದಳು. "ಅವತ್ತು ಗಡಿಬಿಡ್ಯಾಗ ತಿರುಗಿ ಹಾಕೋದು ಮರೆತಿದ್ದೆ. ನಿಮ್ಮ ಮನಿ ಬರಿದಾಗಬಾರ್ದು."

ಹಸಿರು ಬಟ್ಟೆಯ ಮೇಲೆ ಕಾಳುಗಳು ಬೆಳ್ಳಗೆ ಹರಡಿಕೊಂಡವು. ಚಂದ್ರಕಲಾ ಅವನ್ನು ಬೆರಳಿನಿಂದ ಒಂದೆಡೆ ಸೇರಿಸಿದಳು. ಗೇಟಿನ ಬಳಿ ಮಾರುತೇಶ್, ಬಸ್ಸಿಗೆ ಹೊತ್ತಾಯಿತೆಂದು ಕೈ ಬೀಸಿದ. ಹುಸೇನಮ್ಮ ಎದ್ದಳು.

"ಅಕ್ಕಾ," ಎಂದಳು ಚಂದ್ರಕಲಾ. "ಆ ಹುಡುಗಿ... ಹೆಸರೇನಿತ್ತು?"

ಇಷ್ಟು ದಿನ ಆ ಮನೆಯಲ್ಲಿ ಅದು 'ಆ ಕೇಸು' ಮಾತ್ರ ಆಗಿತ್ತು.

"ಲಕ್ಷ್ಮೀ," ಎಂದಳು ಹುಸೇನಮ್ಮ. ಗೇಟಿನ ಕಡೆ ಒಮ್ಮೆ ನೋಡಿ, ಮತ್ತೆ ಬೆಂಚಿನ ಮೇಲೆ ಕೂತಳು. "ಪಾತ್ರಿ ತಳಕ್ಕ ಹತ್ತಿದ ಅನ್ನ ಅಂದ್ರ ಆಕಿಗೆ ಭಾಳ ಜೀವ."

ಚಂದ್ರಕಲಾ ಅಕ್ಕಿಯನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು, ಕೇಳಿಸಿಕೊಳ್ಳಲು ಇನ್ನಷ್ಟು ಹತ್ತಿರ ಸರಿದಳು.